ಒಂದು ಪೆಟ್ಟಿಗೆ ಕಾರ್ಟೂನು ಚಿತ್ರಗಳು
(ವಾಚನಾಲಯದ ಮಾಸಿಕ ಕೂಟದಲ್ಲಿ ಮಾಡಿದ ಭಾಷಣ)



ಈ ಸಂಜೆಯ ವಿಷಯವನ್ನು ಫಲಕದಲ್ಲಿ ಓದಿ ನಿಮ್ಮಲ್ಲಿ ಕೆಲವರು ನಕ್ಕಿರಬಹುದು. ಕಳೆದ ತಿಂಗಳು ಇದೇ ಜಾಗದಲ್ಲಿ ಭವಿಷ್ಯನಿಧಿಯ ಲೆಕ್ಕವನ್ನು ಕುರಿತು ಭಾಷಣವಾಯಿತು. ಅದಕ್ಕೂ ಹಿಂದಿನ ತಿಂಗಳು ಕುಮಾರವ್ಯಾಸ. ಈಗ ಬೆಕ್ಕು ಇಲಿಗಳ ಕಾರ್ಟೂನು! ನಮ್ಮ ವ್ಯವಸ್ಥಾಪಕ ಮಂಡಳಿಯಲ್ಲಿಯೇ ಇಬ್ಬರು ಹಿರಿಯರು, "ಓದುವ ಮನೆಗೆ ಇದೇಕಯ್ಯಾ?" ಎಂದು ಕೇಳಿದರು. ಅವರ ಪ್ರಶ್ನೆ ತಪ್ಪಲ್ಲ. ಅದಕ್ಕೆ ಉತ್ತರ ಹೇಳುವುದಕ್ಕಾಗಿಯೇ ನಾವು ಇಲ್ಲಿ ನಿಂತಿದ್ದೇವೆ.

ಸಂಗತಿ ಇಷ್ಟು. ಡೊಂಬಿವಲಿ ಪೂರ್ವದಲ್ಲಿ ನಾಲ್ವತ್ತು ವರ್ಷ ಬಾಳಿ, ದಿನವೂ ಬೆಳಗಿನ ಗಾಡಿ ಹಿಡಿದು ಕೋಟೆ ಭಾಗದ ಕಚೇರಿಯೊಂದಕ್ಕೆ ಗುಮಾಸ್ತಿಕೆಗೆ ಹೋಗಿಬರುತ್ತಿದ್ದ ನಮ್ಮ ಹಳೆಯ ಸದಸ್ಯರೊಬ್ಬರು ಹೋದ ವರ್ಷ ತೀರಿಕೊಂಡರು. ಮನೆಯವರ ಇಚ್ಛೆಯಂತೆ ಹೆಸರು ಹೇಳುವುದಿಲ್ಲ. ಇಲ್ಲಿ ಕುಳಿತವರಿಗೆ ಹೇಳಬೇಕಾದುದೂ ಇಲ್ಲ. ಮಗ ನವೀ ಮುಂಬಯಿಯಲ್ಲಿ ಮನೆ ಮಾಡಿದನು. ಹಳೆಯ ಮನೆಯನ್ನು ಖಾಲಿ ಮಾಡುವಾಗ ಅವರ ಧರ್ಮಪತ್ನಿಯವರು ಒಂದು ತಗಡಿನ ಪೆಟ್ಟಿಗೆಯನ್ನು ರಿಕ್ಷಾದಲ್ಲಿ ಇಟ್ಟುಕೊಂಡು ಇಲ್ಲಿಗೆ ಬಂದರು. "ರದ್ದಿಯವನು ಕಿಲೋ ಲೆಕ್ಕದಲ್ಲಿ ಕೇಳಿದ. ಕೊಡಲಿಕ್ಕೆ ಮನಸ್ಸು ಬರಲಿಲ್ಲ. ನೀವೇ ಏನಾದರೂ ಮಾಡಿರಿ" ಎಂದರು.

ಪುಸ್ತಕಗಳಿರಬಹುದೆಂದು ತೆರೆದರೆ ಒಳಗೆ 73 ಸಿ.ಡಿ.ಗಳು. ಎಲ್ಲವೂ ಹಳೆಯ ಕಾಲದ ಕಿರು ಕಾರ್ಟೂನು ಚಿತ್ರಗಳ ಸಂಗ್ರಹಗಳು. ಜೊತೆಗೆ ಒಂದು ಉದ್ದನೆಯ ನೋಟು ಬುಕ್ಕು. ಯಾವ ಸಿ.ಡಿ.ಯನ್ನು ಎಲ್ಲಿ ಕೊಂಡದ್ದು, ಎಷ್ಟು ಕೊಟ್ಟದ್ದು, ಒಳಗೆ ಯಾವ ಯಾವ ಚಿತ್ರಗಳಿವೆ, ಅವು ಯಾವ ವರ್ಷದವು, ಎಲ್ಲಿ ತಡೆದು ನಿಲ್ಲುತ್ತದೆ, ಎಲ್ಲವನ್ನೂ ಚಿತ್ತುಕಾಟಿಲ್ಲದ ಅಕ್ಷರದಲ್ಲಿ ಬರೆದಿಟ್ಟಿದ್ದರು. "ಠಾಣೆ ಸ್ಟೇಶನ್ ಸೇತುವೆ, 30 ರೂ., ಚೆನ್ನಾಗಿದೆ." "ಕಲ್ಯಾಣ, ಬಸ್ ನಿಲ್ದಾಣದ ಎದುರು, 25 ರೂ., ಮೋಸ." ಆ 'ಮೋಸ' ಎಂಬುದು ಐದಾರು ಕಡೆ ಬರುತ್ತದೆ. ಹೊದಿಕೆಯ ಮೇಲೆ ಒಂದು ಗೊಂಬೆ, ಒಳಗೆ ಇನ್ನೊಂದು; ನಾವೂ ಹಾಗೆ ಮೋಸ ಹೋದವರೇ. ಇಂಥ ಒಂದು ಹವ್ಯಾಸ ಅವರಿಗಿದ್ದಿತೆಂದು ಇಪ್ಪತ್ತು ವರ್ಷ ಅವರೊಡನೆ ಒಂದೇ ಡಬ್ಬಿಯಲ್ಲಿ ನಿಂತು ಪ್ರಯಾಣ ಮಾಡಿದ ನಮಗೆ ತಿಳಿದಿರಲಿಲ್ಲ. ಅವರು ನಮ್ಮೊಡನೆ ಮಾತನಾಡುತ್ತಿದ್ದುದು ತುಟ್ಟಿಭತ್ಯೆಯ ವಿಷಯ ಮಾತ್ರ.

ಇಷ್ಟು ಅಗ್ಗದಲ್ಲಿ ಈ ಸಂಗ್ರಹಗಳು ಹೇಗೆ ಸಿಕ್ಕವು ಎಂದು ನಾವು ಮೊದಲು ಯೋಚಿಸಿದೆವು. ಕೆಲವು ಕದ್ದು ಮಾಡಿದ ಪ್ರತಿಗಳೆಂಬುದರಲ್ಲಿ ಸಂಶಯವಿಲ್ಲ. ಆದರೆ ಎಲ್ಲವೂ ಅಲ್ಲ. ಅಮೆರಿಕೆಯ ಹಳೆಯ ಕಾಯಿದೆಯಂತೆ ಚಿತ್ರವೊಂದರ ಹಕ್ಕನ್ನು 28 ವರ್ಷಗಳಾದ ಮೇಲೆ ನವೀಕರಿಸಬೇಕಾಗಿದ್ದಿತು. ಯಾರೋ ಗುಮಾಸ್ತರು ಅರ್ಜಿ ಹಾಕಲು ಮರೆತರೆಂದರೆ ಆ ಚಿತ್ರ ಸಾರ್ವಜನಿಕರ ಸೊತ್ತಾಗುತ್ತಿತ್ತು. ಫ್ಲೈಶರ್ ಸೋದರರ ಸ್ಟುಡಿಯೋದಲ್ಲಿ 1936ರಲ್ಲಿ ತಯಾರಾದ, ಪಾಪೈ ನಾವಿಕನು ಸಿಂದಬಾದನನ್ನು ಎದುರಿಸುವ ಬಣ್ಣದ ಚಿತ್ರ, 1941ರಿಂದ 1943ರ ವರೆಗೆ ಬಂದ ಸೂಪರ್‌ಮ್ಯಾನನ 17 ಚಿತ್ರಗಳು, ಇವೆಲ್ಲ ಹೀಗೆ ಹಕ್ಕು ತಪ್ಪಿ ಲೋಕದ ಬೀದಿಗೆ ಬಂದವು. ಬೀದಿಗೆ ಬಂದದ್ದು ಡೊಂಬಿವಲಿಯ ಬೀದಿಗೂ ಬಂದಿತು. ಹಕ್ಕನ್ನು ಬಿಗಿಯಾಗಿ ಹಿಡಿದುಕೊಂಡವರೂ ಉಂಟು. ಡಿಸ್ನಿಯವರ ಮಿಕ್ಕಿ ಇಲಿ ತೆರೆಗೆ ಬಂದ 'ಸ್ಟೀಮ್‌ಬೋಟ್ ವಿಲ್ಲಿ' 1928ರ ನವೆಂಬರಿನದು; ಅದು ಅಮೆರಿಕೆಯಲ್ಲಿ ಸಾರ್ವಜನಿಕವಾದುದು 2024ರ ಜನವರಿ 1ರಂದು, ತೊಂಬತ್ತೈದು ವರ್ಷಗಳ ನಂತರ.

ಇನ್ನು ಇವು ತಯಾರಾಗುವ ಬಗೆ. ಇದು ಗುಮಾಸ್ತರಿಗೂ ಕಾರಖಾನೆಯವರಿಗೂ ಚೆನ್ನಾಗಿ ಅರ್ಥವಾಗತಕ್ಕ ಮಾತು. ತೆರೆಯ ಮೇಲೆ ಒಂದು ಸೆಕೆಂಡಿಗೆ 24 ಚೌಕಗಳು ಓಡುತ್ತವೆ. ಏಳು ನಿಮಿಷದ ಚಿತ್ರಕ್ಕೆ 10,080 ಚೌಕ. ಒಂದೊಂದು ಚಿತ್ರವನ್ನು ಎರಡೆರಡು ಚೌಕಕ್ಕೆ ಬಳಸಿದರೂ ಐದು ಸಾವಿರಕ್ಕೆ ಮೇಲೆ ಚಿತ್ರಗಳು, ಎಲ್ಲವೂ ಕೈಯಲ್ಲಿ ಬರೆದವು. 1914ರಲ್ಲಿ ವಿನ್ಸರ್ ಮೆಕೇ ಎಂಬ ಪತ್ರಿಕಾ ಚಿತ್ರಕಾರರು 'ಗರ್ಟಿ' ಎಂಬ ಪುರಾತನ ಮಹಾಪ್ರಾಣಿಯ ಚಿತ್ರವನ್ನು ಮಾಡಿದಾಗ, ಹಿಂದಿನ ಬೆಟ್ಟ, ಕೆರೆ, ಬಂಡೆಗಳನ್ನು ಕೂಡ ಪ್ರತಿಯೊಂದು ಹಾಳೆಯ ಮೇಲೆಯೂ ಮತ್ತೆ ಮತ್ತೆ ತಿದ್ದಬೇಕಾಯಿತು. ಅದಕ್ಕೆ ಒಬ್ಬ ಸಹಾಯಕನನ್ನು ಇಟ್ಟುಕೊಂಡಿದ್ದರು. ಅದೇ ಕಾಲದಲ್ಲಿ ಅರ್ಲ್ ಹರ್ಡ್ ಎಂಬವರು ಪಾರದರ್ಶಕವಾದ ಸೆಲ್ಯುಲಾಯಿಡ್ ಹಾಳೆಯ ಉಪಾಯವನ್ನು ಕಂಡುಹಿಡಿದರು: ಬೆಟ್ಟವನ್ನು ಒಮ್ಮೆ ಬರೆದು ಕೆಳಗಿಟ್ಟರೆ ಸಾಕು, ಚಲಿಸುವ ಪ್ರಾಣಿಯನ್ನು ಮಾತ್ರ ಮೇಲಿನ ಹಾಳೆಯಲ್ಲಿ ಬದಲಿಸುತ್ತ ಹೋಗಬಹುದು. ಆ ಒಂದು ಉಪಾಯದಿಂದ ಕಾರ್ಟೂನು ಒಬ್ಬನ ಹುಚ್ಚಿನಿಂದ ಕಾರಖಾನೆಯ ಕೆಲಸವಾಯಿತು. ಮುಖ್ಯ ಚಿತ್ರಕಾರನು ಚಲನೆಯ ಆರಂಭವನ್ನೂ ಕೊನೆಯನ್ನೂ ಬರೆಯುವನು. ನಡುವಿನವನ್ನು ಕಿರಿಯರು ತುಂಬುವರು. ಹಾಳೆಯ ಮೇಲೆ ಶಾಯಿ ತಿದ್ದಿ ಬಣ್ಣ ಹಾಕುವವರು ಸಾಲಾಗಿ ಕುಳಿತ ಹೆಂಗಸರು.

ಈ ಸಾಲಿನವರ ಹೆಸರು ತೆರೆಯ ಮೇಲೆ ಬರುತ್ತಿರಲಿಲ್ಲ. ಡಿಸ್ನಿಯವರ ಆಗಿನ ಕಿರುಚಿತ್ರಗಳಲ್ಲಿ ಯಜಮಾನರ ಹೆಸರೊಂದೇ. 1937ರಲ್ಲಿ ಫ್ಲೈಶರ್ ಸ್ಟುಡಿಯೋದ ಕೆಲಸಗಾರರು ನ್ಯೂಯಾರ್ಕಿನಲ್ಲಿ ತಿಂಗಳುಗಟ್ಟಲೆ ಮುಷ್ಕರ ಹೂಡಿದರು. 1941ರ ಮೇ ತಿಂಗಳಲ್ಲಿ ಡಿಸ್ನಿ ಸ್ಟುಡಿಯೋದಲ್ಲಿಯೂ ಮುಷ್ಕರವಾಯಿತು. ನಮ್ಮ ಸದಸ್ಯರು ನೋಟು ಬುಕ್ಕಿನಲ್ಲಿ ಈ ಎರಡು ಇಸವಿಗಳ ಕೆಳಗೆ ಕೆಂಪು ಗೆರೆ ಎಳೆದಿದ್ದಾರೆ. ಮುಂಬಯಿಯ ಗಿರಣಿ ಮುಷ್ಕರವನ್ನು 1982ರಲ್ಲಿ ಕಣ್ಣಾರೆ ಕಂಡವರು ಅವರು.

ಬಂಧುಗಳೆ, ಇಷ್ಟರ ವರೆಗೆ ಪರದೇಶದ ಮಾತಾಯಿತು. ಪೆಟ್ಟಿಗೆಯ ತಳದಲ್ಲಿ ಬೇರೆಯಾಗಿ ಪಂಚೆಯ ತುಂಡಿನಲ್ಲಿ ಸುತ್ತಿಟ್ಟಿದ್ದ ಒಂಬತ್ತು ಸಿ.ಡಿ.ಗಳು ನಮ್ಮ ದೇಶದವು, ಅದೂ ಮುಂಬಯಿಯವು. ಅವುಗಳ ಪಕ್ಕದಲ್ಲಿ "ಪೆಡ್ಡರ್ ರಸ್ತೆ, ಖುದ್ದು ಹೋಗಿ ತಂದದ್ದು" ಎಂದು ಬರೆದಿದೆ.

ನಮ್ಮವರು ಈ ವಿದ್ಯೆಗೆ ಹೊಸಬರಲ್ಲ. ದಾದಾಸಾಹೇಬ ಫಾಳಕೆಯವರು 1913ರಲ್ಲಿ 'ರಾಜಾ ಹರಿಶ್ಚಂದ್ರ'ವನ್ನು ಮಾಡುವ ಮುಂಚೆಯೇ ಬಟಾಣಿ ಕಾಳೊಂದು ಮೊಳೆತು ಗಿಡವಾಗುವುದನ್ನು ಚೌಕ ಚೌಕವಾಗಿ ಹಿಡಿದಿದ್ದರು. 1915ರ ಸುಮಾರಿಗೆ ಬೆಂಕಿಕಡ್ಡಿಗಳನ್ನು ಕುಣಿಸಿ ಒಂದು ಚಿತ್ರ ಮಾಡಿದರು. ಆ ಬೆಂಕಿಕಡ್ಡಿಗಳ ಚಿತ್ರ ಈಗ ಇಲ್ಲ. ನಮ್ಮ ಭಾಷೆಯ ಗತಿಯೂ ಅದೇ. ಕನ್ನಡದ ಮೊದಲ ವಾಕ್ಚಿತ್ರ 'ಸತಿ ಸುಲೋಚನಾ' 1934ರಲ್ಲಿ ಬಂದಿತು. ಅದನ್ನು ತೆಗೆದದ್ದು ಇದೇ ಮಹಾರಾಷ್ಟ್ರದ ಕೊಲ್ಹಾಪುರದಲ್ಲಿ. ಅದರದೂ ಒಂದು ಪ್ರತಿ ಉಳಿದಿಲ್ಲ.

ಸರಕಾರದ ಫಿಲ್ಮ್ಸ್ ಡಿವಿಜನ್ 1948ರಲ್ಲಿ ಆರಂಭವಾಯಿತಷ್ಟೆ. ಅದರಲ್ಲಿ ಕಾರ್ಟೂನು ಶಾಖೆಯನ್ನು ತೆರೆದದ್ದು 1956ರಲ್ಲಿ. ಡಿಸ್ನಿ ಸ್ಟುಡಿಯೋದಲ್ಲಿ 'ಬ್ಯಾಂಬಿ' ಮೊದಲಾದ ಚಿತ್ರಗಳಲ್ಲಿ ಪಳಗಿದ ಕ್ಲೇರ್ ವೀಕ್ಸ್ ಎಂಬವರು ಅಮೆರಿಕೆಯ ತಾಂತ್ರಿಕ ನೆರವಿನ ಯೋಜನೆಯಲ್ಲಿ ಬಂದು ನಮ್ಮ ಹುಡುಗರಿಗೆ ತರಬೇತಿ ಕೊಟ್ಟರು. ಆ ಹುಡುಗರಲ್ಲಿ ರಸಾಯನಶಾಸ್ತ್ರ ಓದಿ ಬಂದ ರಾಮ ಮೋಹನರೂ ಒಬ್ಬರು. ಕಲಿಕೆಯ ಫಲವಾಗಿ ಬಂದದ್ದು 'ದಿ ಬ್ಯಾನಿಯನ್ ಡೀರ್', ಆಲದ ಜಿಂಕೆ. ಜಾತಕ ಕಥೆ. ಜಿಂಕೆಗಳ ಹಿಂಡು ದಿನಕ್ಕೊಂದರಂತೆ ಅರಮನೆಯ ಅಡಿಗೆಗೆ ಸರದಿಯಲ್ಲಿ ಹೋಗಬೇಕು; ಬಸುರಿ ಜಿಂಕೆಯ ಸರದಿ ಬಂದಾಗ ಹಿಂಡಿನ ಅರಸನೇ ಅದರ ಬದಲು ಕೊರಳೊಡ್ಡುತ್ತಾನೆ. ಜಿಂಕೆಯ ಕಣ್ಣನ್ನು ನೋಡಿದರೆ ಕಲಿಸಿದ ಗುರು ಯಾರೆಂಬುದು ತಿಳಿಯುತ್ತದೆ. ಬ್ಯಾಂಬಿಯ ಸೋದರಸಂಬಂಧಿಯೇ ಸರಿ. ಆದರೆ ಕಥೆ ನಮ್ಮದು.

ರಾಮ ಮೋಹನರು ಮುಂದೆ ಸ್ವಂತ ಸಂಸ್ಥೆ ಕಟ್ಟಿದರು. ಮೃಣಾಲ ಸೇನರ 'ಭುವನ್ ಶೋಮ್' ಮತ್ತು ಸತ್ಯಜಿತ್ ರಾಯರ 'ಶತರಂಜ್ ಕೆ ಖಿಲಾಡಿ' ಚಿತ್ರಗಳೊಳಗಿನ ಕಾರ್ಟೂನು ಭಾಗಗಳು ಅವರವೇ. 2019ರ ಅಕ್ಟೋಬರಿನಲ್ಲಿ ತೀರಿಕೊಂಡರು. ಇನ್ನೊಬ್ಬರು ಪ್ರಮೋದ ಪತಿ, ಒರಿಸ್ಸಾದವರು. ಝೆಕೊಸ್ಲೊವಾಕಿಯಕ್ಕೆ ಹೋಗಿ ಯಿರ್ಝಿ ತ್ರಿಂಕಾ ಎಂಬ ಗೊಂಬೆಚಿತ್ರದ ಮಹಾಶಿಲ್ಪಿಯ ಬಳಿ ಕಲಿತು ಬಂದವರು. ಅವರ 1972ರ 'ಆಬಿದ್' ನಮ್ಮನ್ನು ದಂಗುಬಡಿಸಿತು. ಒಂದು ಕೋಣೆಯಲ್ಲಿ ಚಿತ್ರಕಾರ ಆಬಿದ್ ಸುರ್ತಿಯವರನ್ನೇ ಗೊಂಬೆಯಂತೆ ಚೌಕ ಚೌಕವಾಗಿ ಕದಲಿಸಿ ತೆಗೆದ ಚಿತ್ರವದು. ಮನುಷ್ಯ ನೆಲದ ಮೇಲೆ ಜಾರುತ್ತಾನೆ, ಬಣ್ಣ ಗೋಡೆಯ ಮೇಲೆ ತಾನೇ ಹರಡುತ್ತದೆ. ಇದೇ ಆಬಿದ್ ಸುರ್ತಿಯವರು ಮುಂದೆ ನಮ್ಮ ಪಕ್ಕದ ಮೀರಾ ರೋಡಿನಲ್ಲಿ ಭಾನುವಾರಗಳಲ್ಲಿ ಕೊಳಾಯಿಯವನನ್ನು ಕರೆದುಕೊಂಡು ಮನೆಮನೆಗೆ ಹೋಗಿ ಸೋರುವ ನಲ್ಲಿಗಳನ್ನು ಪುಕ್ಕಟೆ ರಿಪೇರಿ ಮಾಡಿಸಿ ಹೆಸರಾದರು. ಪ್ರಸ್ತುತಕ್ಕೆ ಇದು ಬೇಕಿಲ್ಲದ ಮಾತು. ಆದರೂ ನಮ್ಮ ಚಾಳುಗಳ ನಲ್ಲಿಗಳನ್ನು ನೆನೆದು ಹೇಳದಿರಲಾಗಲಿಲ್ಲ.

ನಮ್ಮಲ್ಲಿ ಐವತ್ತು ದಾಟಿದವರು ಇಂಥ ಚಿತ್ರಗಳನ್ನು ದುಡ್ಡು ಕೊಟ್ಟು ನೋಡಿದವರೇ, ನೋಡಿದೆವೆಂಬ ನೆನಪು ಮಾತ್ರ ಇಲ್ಲ. ಆಗ ಪ್ರತಿಯೊಂದು ಟಾಕೀಸಿನವರೂ ದೊಡ್ಡ ಚಿತ್ರದ ಮುಂಚೆ ಫಿಲ್ಮ್ಸ್ ಡಿವಿಜನ್ನಿನ ವಾರ್ತಾಚಿತ್ರವನ್ನೋ ಕಿರುಚಿತ್ರವನ್ನೋ ತೋರಿಸಲೇಬೇಕೆಂಬ ನಿಯಮವಿದ್ದಿತು. ಊರಿನ ಟೆಂಟಿನಲ್ಲಿ ಅದನ್ನೇ ಕನ್ನಡದ ದನಿಯಲ್ಲಿ ಕೇಳಿದೆವು. ಇಲ್ಲಿಗೆ ಬಂದ ಮೇಲೆ ಹಿಂದಿಯಲ್ಲಿ ಕೇಳಿದೆವು. ಅಲ್ಪ ಉಳಿತಾಯ, ಸಿಡುಬಿನ ಚುಚ್ಚುಮದ್ದು, ಕುಟುಂಬಯೋಜನೆ. ಅಷ್ಟು ಹೊತ್ತಿನಲ್ಲಿ ನಾವು ಹೊರಗೆ ಬೀಡಿ ಸೇದುತ್ತಿದ್ದೆವು. ಆ ನಿಯಮ 1990ರ ದಶಕದಲ್ಲಿ ಸಡಿಲವಾಗಿ ಹೋಯಿತು. ಫಿಲ್ಮ್ಸ್ ಡಿವಿಜನ್ನೇ 2022ರಲ್ಲಿ ರಾಷ್ಟ್ರೀಯ ಚಲಚ್ಚಿತ್ರ ಅಭಿವೃದ್ಧಿ ನಿಗಮದಲ್ಲಿ ವಿಲೀನವಾಯಿತು. 1964ರಲ್ಲಿ ಪುಣೆಯಲ್ಲಿ ಸ್ಥಾಪಿತವಾದ ಚಿತ್ರಭಂಡಾರವೂ ಅದರ ಆಡಳಿತಕ್ಕೆ ಬಂದಿತು.

ಕಳೆದ ದೀಪಾವಳಿಯಿಂದ ಈಚೆಗೆ ತಿಂಗಳಿಗೆ ಎರಡು ಭಾನುವಾರ ಈ ಚಿತ್ರಗಳನ್ನು ಇಲ್ಲಿಯೇ ತೋರಿಸುತ್ತಿದ್ದೇವೆ. ಗೋಡೆಗೆ ಒಂದು ಬಿಳಿ ಪಂಚೆ, ಸದಸ್ಯರೊಬ್ಬರ ಕಚೇರಿಯಿಂದ ಎರವಲು ತಂದ ಪ್ರೊಜೆಕ್ಟರು. ಮೊದಲ ಭಾನುವಾರ ಹನ್ನೊಂದು ಮಂದಿ. ನಾಲ್ಕನೆಯ ಭಾನುವಾರಕ್ಕೆ ಚಾಪೆ ಸಾಲಲಿಲ್ಲ. ಕಲ್ಯಾಣ ಶೀಳ್ ರಸ್ತೆಯ ಕಟ್ಟಡಗಳಿಗೆ ಕೆಲಸಕ್ಕೆ ಬಂದ ಕಲಬುರ್ಗಿ, ಯಾದಗಿರಿ ಕಡೆಯ ಸಂಸಾರಗಳು ಮಕ್ಕಳೊಡನೆ ಬಂದವು. ಇವರು ನಮ್ಮ ವಾಚನಾಲಯದ ಮೆಟ್ಟಿಲನ್ನು ಎಂದೂ ಹತ್ತಿದವರಲ್ಲ. ಹತ್ತಲು ಕಾರಣವನ್ನು ನಾವು ಒದಗಿಸಿರಲೂ ಇಲ್ಲ. ಓದು ಬಾರದವರಿಗೆ ಓದುವ ಮನೆಯಲ್ಲಿ ಏನು ಕೆಲಸ? ಅವರ ಮಕ್ಕಳು ಮನೆಯಲ್ಲಿ ಕನ್ನಡ, ಶಾಲೆಯಲ್ಲಿ ಮರಾಠಿ, ಬೀದಿಯಲ್ಲಿ ಹಿಂದಿ. ಮೂರನ್ನೂ ಅರೆಬರೆ ಕಲಿತವರು. ಮಾತಿಲ್ಲದ ಬೆಕ್ಕು ಇಲಿಗಳ ಮುಂದೆ ಎಲ್ಲರೂ ಒಂದೇ ಸಮ ನಕ್ಕರು.

ಆಲದ ಜಿಂಕೆಯ ದಿನ ನಾವು ಯಂತ್ರದ ದನಿಯನ್ನು ತಗ್ಗಿಸಿ, ಕಥೆಯನ್ನು ಕನ್ನಡದಲ್ಲಿ ನಾವೇ ಹೇಳುತ್ತ ಹೋದೆವು. ಅಭ್ಯಾಸವಿಲ್ಲದೆ ಎರಡು ಕಡೆ ತಪ್ಪಿದೆವು. ಜಿಂಕೆಯ ಅರಸ ಅರಮನೆಗೆ ಹೊರಟಾಗ ಮುಂದಿನ ಸಾಲಿನ ಹುಡುಗನೊಬ್ಬ, "ಯವ್ವಾ, ಅದು ಸಾಯ್ತದೇನು?" ಎಂದು ಕೇಳಿದ. ತಾಯಿ ಹಿಂದಿನಿಂದ, "ಸುಮ್ಮನ ನೋಡು. ಇದು ನಮ್ಮ ಪುಣ್ಯಕೋಟಿ ಕಥಿ ಇದ್ದಂಗೇ ಅದ" ಎಂದಳು. ಹುಡುಗನಿಗೆ ಪುಣ್ಯಕೋಟಿ ಯಾರೆಂದು ಗೊತ್ತಿರಲಿಲ್ಲ. ಚಿತ್ರ ಮುಗಿದ ಮೇಲೆ ಆಕೆ ಎದ್ದು ನಿಂತು, ನಾವು ಕೇಳದೆಯೇ, ಹುಲಿ ಹಸುಗಳ ಹಾಡನ್ನು ಮೊದಲಿಂದ ಕೊನೆಯ ವರೆಗೆ ಹಾಡಿದಳು. ಗಾರೆ ಹೊತ್ತ ಕೈಯನ್ನು ತಾಳಕ್ಕೆ ತಟ್ಟುತ್ತ ಹಾಡಿದಳು. ಮಂಡಳಿಯ ಆ ಇಬ್ಬರು ಹಿರಿಯರಲ್ಲಿ ಒಬ್ಬರು ಅಂದು ಇಲ್ಲಿದ್ದರು. ಅವರು ಈಗ ಪ್ರಶ್ನೆ ಕೇಳುತ್ತಿಲ್ಲ. ಇನ್ನೊಬ್ಬರು ಇನ್ನೂ ಕೇಳುತ್ತಾರೆ. ಅದೇ ಪುಣ್ಯಕೋಟಿಯನ್ನು ಬೆಂಗಳೂರಿನವರೊಬ್ಬರು ಜನರಿಂದ ಹಣ ಕೂಡಿಸಿ ಸಂಸ್ಕೃತದಲ್ಲಿ ಪೂರ್ಣ ಕಾರ್ಟೂನು ಚಿತ್ರವನ್ನಾಗಿ ಮಾಡಿ 2020ರಲ್ಲಿ ಹೊರತಂದರೆಂಬುದನ್ನು ಅಂದು ಎಲ್ಲರಿಗೂ ತಿಳಿಸಿದೆವು. "ಕನ್ನಡದಾಗ ಯಾಕ ಮಾಡಲಿಲ್ಲ?" ಎಂದು ಆ ತಾಯಿ ಕೇಳಿದಳು. ನಮ್ಮಲ್ಲಿ ಉತ್ತರವಿರಲಿಲ್ಲ.

ಎಲ್ಲವೂ ಹೀಗೆ ಸಿಹಿಯಾಗಿಯೇ ನಡೆಯಿತೆಂದರೆ ಸುಳ್ಳಾದೀತು. ಹಳೆಯ ಚಿತ್ರಗಳಲ್ಲಿ ಹಳೆಯ ಪಾಪಗಳೂ ಇವೆ. 1940ರ ದಶಕದ ಟಾಮ್ ಮತ್ತು ಜೆರ್ರಿಯಲ್ಲಿ ಮನೆಗೆಲಸದ ಕಪ್ಪು ಹೆಂಗಸೊಬ್ಬಳು ಬರುತ್ತಾಳೆ. ಮುಖ ಕಾಣುವುದು ಅಪರೂಪ. ಕಾಲು, ಹರಕು ಚಪ್ಪಲಿ, ಮತ್ತು ನಗೆಪಾಟಲಿನ ಮಾತು. 1933ರ 'ಮೂರು ಹಂದಿಮರಿಗಳು' ಚಿತ್ರದಲ್ಲಿ ತೋಳವು ಯೆಹೂದಿ ವ್ಯಾಪಾರಿಯ ವೇಷ ಹಾಕಿಕೊಂಡು ಬರುತ್ತಿದ್ದಿತು. ಯುದ್ಧ ಮುಗಿದ ಮೇಲೆ 1948ರಲ್ಲಿ ಆ ಭಾಗವನ್ನು ಹೊಸದಾಗಿ ಬರೆದರು. ವಾರ್ನರ್ ಸಂಸ್ಥೆಯ ಹನ್ನೊಂದು ಚಿತ್ರಗಳನ್ನು ಇದೇ ಕಾರಣಕ್ಕೆ 1968ರಲ್ಲಿ ದೂರದರ್ಶನದಿಂದ ಹಿಂದಕ್ಕೆ ತೆಗೆದುಕೊಂಡರು. ಒಂದು ಭಾನುವಾರ ಅಂಥದೊಂದು ಚಿತ್ರ ನಮಗೆ ತಿಳಿಯದೆ ತೆರೆಗೆ ಬಂದಿತು. ಮಕ್ಕಳು ನಕ್ಕರು. ನಾವೂ ಮೊದಲು ನಕ್ಕು, ಆಮೇಲೆ ನಾಚಿದೆವು. ನಾಚಿದುದಕ್ಕೆ ಕಾರಣವುಂಟು. ಈ ಊರಿನಲ್ಲಿ ಕಾರವಾರದವನೂ ಕೊಯಮತ್ತೂರಿನವನೂ ಒಂದೇ 'ಮದ್ರಾಸಿ' ಆಗಿದ್ದ ಕಾಲವನ್ನು ನಾವು ಕಂಡಿದ್ದೇವೆ. ಆದೇ 1968ರಲ್ಲಿ ಬಂದ 'ಪಡೋಸನ್' ಚಿತ್ರದ ದಕ್ಷಿಣದ ಸಂಗೀತ ಮೇಷ್ಟರ ದನಿಯನ್ನು ಅನುಕರಿಸಿ ಕಚೇರಿಯಲ್ಲಿ ನಮ್ಮನ್ನು ಕೂಗುತ್ತಿದ್ದವರು ಕೆಟ್ಟವರೇನೂ ಅಲ್ಲ, ನಗುತ್ತಿದ್ದರು, ಅಷ್ಟೆ. ಅಂಥ ಚಿತ್ರಗಳನ್ನು ಒಡೆದು ಎಸೆಯಬೇಕೆಂದು ನಾವು ಹೇಳುವುದಿಲ್ಲ. ಮಕ್ಕಳ ಭಾನುವಾರಕ್ಕೆ ಹಾಕುವುದಿಲ್ಲ. ದೊಡ್ಡವರು ಕೇಳಿದರೆ ಪಟ್ಟಿಯಲ್ಲಿ ಗುರುತು ಮಾಡಿಟ್ಟಿದ್ದೇವೆ.

"ಇದೆಲ್ಲ ಮೊಬೈಲಿನಲ್ಲಿಯೇ ಸಿಗುತ್ತದಲ್ಲ, ಈ ಸಿ.ಡಿ.ಗಳನ್ನು ಏಕೆ ಕಾಯುತ್ತೀರಿ?" ಎಂದು ತರುಣ ಸದಸ್ಯರು ಕೇಳುತ್ತಾರೆ. ಸಿಗುತ್ತದೆ, ನಿಜ. ನಾವು ನಾಲ್ಕು ಭಾನುವಾರ ಕುಳಿತು ಹೋಲಿಸಿ ನೋಡಿದೆವು. ಎಷ್ಟೋ ಪ್ರತಿಗಳಲ್ಲಿ ಮೊದಲ ಹೆಸರುಗಳನ್ನೇ ಕತ್ತರಿಸಿದ್ದಾರೆ. ಕೆಲವದರಲ್ಲಿ ಹಳೆಯ ಸಂಗೀತವನ್ನು ತೆಗೆದು ಬೇರೆ ಯಾವುದನ್ನೋ ತುಂಬಿದ್ದಾರೆ. ಕಷ್ಟಪಟ್ಟು ಮುಷ್ಕರ ಮಾಡಿದವರ ಹೆಸರು ಮತ್ತೆ ಹೋಯಿತು. ನಮ್ಮ ಸದಸ್ಯರ ನೋಟು ಬುಕ್ಕಿನಲ್ಲಿಯಾದರೋ ಇಸವಿಯೂ ಹೆಸರೂ ಉಂಟು. ಟಾಮ್ ಮತ್ತು ಜೆರ್ರಿಯೆಂದು ಒಂದೇ ಸಿ.ಡಿ.ಯಲ್ಲಿ ಕಲಸಿದ್ದನ್ನು ಅವರು ಮೂರು ಪಾಲು ಮಾಡಿದ್ದಾರೆ: 1940ರಿಂದ 1958ರ ವರೆಗೆ ಹ್ಯಾನಾ ಮತ್ತು ಬಾರ್ಬೆರಾ ಮಾಡಿದವು, 1961ರ ಸುಮಾರಿಗೆ ಪ್ರಾಗ್ ನಗರದಲ್ಲಿ ಜೀನ್ ಡೈಚ್ ಮಾಡಿದ ಹದಿಮೂರು, ಆಮೇಲೆ ಚಕ್ ಜೋನ್ಸ್ ಮಾಡಿದವು. ಪ್ರಾಗಿನವಕ್ಕೆ "ಸಪ್ಪೆ" ಎಂದು ಷರಾ ಬರೆದಿದ್ದಾರೆ. ನಮಗೇನೋ ಅಷ್ಟು ಸಪ್ಪೆ ಎನಿಸಲಿಲ್ಲ.

ಈಗ ಸ್ಥಿತಿ ಹೀಗಿದೆ. 73ರಲ್ಲಿ 22 ಓಡುವುದಿಲ್ಲ. ಬೆಳಕಿಗೆ ಹಿಡಿದರೆ ತಗಡಿನ ಪದರದಲ್ಲಿ ಸೂಜಿಮೊನೆಯಷ್ಟು ತೂತುಗಳು ಕಾಣುತ್ತವೆ. ಮಳೆಗಾಲದ ಗಾಳಿ ಒಳಹೊಕ್ಕಿದೆ. ನಕಲು ಮಾಡಿಕೊಡುತ್ತೇವೆಂದ ಅಂಗಡಿಯೊಂದು ಎರಡನ್ನು ಗೀರಿ ಹಿಂದಿರುಗಿಸಿತು. ಆ ಎರಡರಲ್ಲಿ ಒಂದು ಪಂಚೆಯ ಗಂಟಿನದು. ಅಂದಿನಿಂದ ಯಾವುದನ್ನೂ ಹೊರಗೆ ಕೊಡದೆ, ಉಳಿದವುಗಳನ್ನು ಎರಡೆರಡು ಕಡೆ ನಾವೇ ಇಳಿಸಿಡುತ್ತಿದ್ದೇವೆ. ನಮ್ಮ ದೇಶದ ಕಾಯಿದೆಯಂತೆ ಚಿತ್ರವೊಂದರ ಹಕ್ಕು ಬಿಡುಗಡೆಯಾದ ಮರುವರ್ಷದಿಂದ 60 ವರ್ಷ. ಆದುದರಿಂದ 1950ರ ದಶಕದವನ್ನು ಅಂಜದೆ ತೋರಿಸಬಹುದು. ಆದರೆ ವಿಜಯಾ ಮುಳೆಯವರೂ ಭೀಮಸೇನರೂ 1974ರಲ್ಲಿ ಮಾಡಿದ, ಬಲೆಗೆ ಬಿದ್ದ ಹಕ್ಕಿಗಳು ಒಟ್ಟಾಗಿ ಹಾರಿಹೋಗುವ 'ಏಕ್ ಅನೇಕ್ ಔರ್ ಏಕತಾ' ಇನ್ನೂ ಹಕ್ಕಿನೊಳಗೆ ಇದೆ. ದೂರದರ್ಶನದ ದಯೆಯಿಂದ ಎಲ್ಲರಿಗೂ ಬಾಯಿಪಾಠ. ಆದರೂ ನಾವು ಅನುಮತಿ ಕೇಳಿ ಪತ್ರ ಬರೆದಿದ್ದೇವೆ, ಉತ್ತರ ಬಂದ ಮೇಲೆಯೇ ಹಾಕುತ್ತೇವೆ.

ಮುಂದಿನ ತಿಂಗಳ ಎರಡನೆಯ ಭಾನುವಾರ ಪೆಡ್ಡರ್ ರಸ್ತೆಯ ಸಿನಿಮಾ ವಸ್ತುಸಂಗ್ರಹಾಲಯಕ್ಕೆ ಹೋಗಲಿದ್ದೇವೆ. ಫಿಲ್ಮ್ಸ್ ಡಿವಿಜನ್ ಇದ್ದ ಆವರಣದಲ್ಲಿಯೇ, ಗುಲ್ಶನ್ ಮಹಲಿನಲ್ಲಿ ಮತ್ತು ಅದರ ಪಕ್ಕದ ಹೊಸ ಕಟ್ಟಡದಲ್ಲಿ 2019ರ ಜನವರಿಯಲ್ಲಿ ಉದ್ಘಾಟನೆಯಾದುದು. ಬೆಳಗ್ಗೆ ಒಂಬತ್ತಕ್ಕೆ ಡೊಂಬಿವಲಿಯ ಟಿಕೆಟ್ ಕಿಟಕಿಯ ಬಳಿ ಸೇರುವುದು. ದಾದರದಲ್ಲಿ ಇಳಿದು, ಪಶ್ಚಿಮ ರೇಲ್ವೆಯ ಸ್ಲೋ ಗಾಡಿಯಲ್ಲಿ ಗ್ರ್ಯಾಂಟ್ ರೋಡಿಗೆ. ಮೆಗಾಬ್ಲಾಕ್ ಇದ್ದರೆ ಒಂದು ತಾಸು ಮುಂಚೆ. ಮಕ್ಕಳನ್ನು ಕರೆತನ್ನಿ, ಬುತ್ತಿಯನ್ನೂ ತನ್ನಿ. ಕಟ್ಟಡದ ಕೆಲಸದ ಸಂಸಾರಗಳ ಗಾಡಿಯ ಖರ್ಚನ್ನು ವಾಚನಾಲಯ ಕೊಡುತ್ತದೆ. ಅದಕ್ಕಾಗಿ ಮೇಜಿನ ಮೇಲೆ ಡಬ್ಬಿ ಇಟ್ಟಿದೆ. ಪೆಟ್ಟಿಗೆ ತಂದುಕೊಟ್ಟ ತಾಯಿಯವರು ನವೀ ಮುಂಬಯಿಯಿಂದ ಠಾಣೆಗೆ ಬಂದು ನಮ್ಮನ್ನು ಕೂಡಿಕೊಳ್ಳುತ್ತಾರೆ. ಗಂಡನೊಡನೆ ಒಮ್ಮೆಯೂ ಅಲ್ಲಿಗೆ ಹೋದವರಲ್ಲವಂತೆ. "ಭಾನುವಾರ ಭಾನುವಾರ ಎಲ್ಲಿಗೆ ಹೋಗುತ್ತಿದ್ದರೋ ನೋಡಿಬರುತ್ತೇನೆ" ಎಂದರು.